ಗಣಕಕಾರ್ಯಗಳಲ್ಲಿ ಅಪೇಕ್ಷಾವಾಕ್ಯ: ಒಂದು ವಿಮರ್ಶೆ

ಗಣಕಯಂತ್ರಕ್ಕೆ ಬೇಕಾದ ತಂತ್ರಾಂಶವನ್ನು ಕಟ್ಟುವುದಕ್ಕೆ ಮೊದಲು, ಅದನ್ನು ಕಟ್ಟಿಸುವವರಿಗೆ ಏನು ಬೇಕೆಂಬುದನ್ನು ಮಾತಿನಲ್ಲಿ ಗೊತ್ತುಮಾಡಬೇಕಷ್ಟೆ. ಹಾಗೆ ಗೊತ್ತುಮಾಡುವ ವಾಕ್ಯಕ್ಕೆ ಇಂಗ್ಲಿಷರು ರಿಕ್ವೈರ್‌ಮೆಂಟ್ ಎಂದೂ, ಕಟ್ಟಿಸುವವರನ್ನು ವಿಚಾರಿಸಿ ಆ ವಾಕ್ಯಗಳನ್ನು ರೂಪಿಸುವವನಿಗೆ ಬಿಸಿನೆಸ್ ಅನಲಿಸ್ಟ್ ಎಂದೂ ಹೆಸರಿಟ್ಟಿರುವರು. ಕಳೆದ ಅರ್ಧ ಶತಮಾನದಲ್ಲಿ ಈ ವಿಷಯವಾಗಿ ಹುಟ್ಟಿರುವ ಗ್ರಂಥರಾಶಿ ಅಲ್ಪವಲ್ಲ. ಅದರಲ್ಲಿ ಎರಡು ಪಕ್ಷಗಳುಂಟು. ಅಪೇಕ್ಷೆಗಳೆಲ್ಲವನ್ನೂ ಮೊದಲೇ ಬರೆದು ಮುಗಿಸಿ ಆಮೇಲೆ ಕಟ್ಟಬೇಕೆಂಬುದು ಪ್ರಾಚೀನಪಕ್ಷ; ಸ್ವಲ್ಪ ಸ್ವಲ್ಪವಾಗಿ ಕಟ್ಟುತ್ತ, ಕಟ್ಟಿಸುವವರೊಡನೆ ಮಾತನಾಡುತ್ತ, ಅಪೇಕ್ಷೆಗಳನ್ನು ಆಗಿಂದಾಗ ತಿಳಿದುಕೊಳ್ಳಬೇಕೆಂಬುದು ಅಜೈಲ್ ಎಂದು ಹೆಸರಾದ ನವೀನಪಕ್ಷ. ಈ ವಿವಾದವನ್ನು ಯಂತ್ರಶಾಸ್ತ್ರಜ್ಞರು ಸಾಮಾನ್ಯವಾಗಿ ಕಾಲ ಮತ್ತು ದ್ರವ್ಯಗಳ ಲೆಕ್ಕವಾಗಿಯೇ ನೋಡುವರು. ಆದರೆ ಬುಡದಲ್ಲಿ ಇದು ವಾಕ್ಯಾರ್ಥದ ಪ್ರಶ್ನೆ. ಹೇಳಿದವನು ಎದುರಿಗಿಲ್ಲದಾಗ ಅವನ ವಾಕ್ಯವೊಂದೇ ಅವನ ತಾತ್ಪರ್ಯವನ್ನು ಹೊತ್ತು ನಿಲ್ಲಬಲ್ಲುದೆ ಎಂಬುದೇ ಇಲ್ಲಿಯ ಮುಖ್ಯ ವಿಚಾರ. ಈ ವಿಚಾರದಲ್ಲಿ ಭರತಖಂಡದ ವಾಕ್ಯಶಾಸ್ತ್ರಗಳು ಬಹುಕಾಲ ಶ್ರಮಪಟ್ಟಿರುವುದರಿಂದ, ಅವುಗಳ ಒರೆಗಲ್ಲಿಗೆ ಈ ಹೊಸ ಸಾಹಿತ್ಯವನ್ನು ಹಚ್ಚಿ ನೋಡುವುದು ಅಪ್ರಸ್ತುತವೆನಿಸದು.

ಮೊದಲು ಶಬ್ದದ ಮಾತು. ರಿಕ್ವೈರ್‌ಮೆಂಟ್ ಎಂಬುದಕ್ಕೆ ಕನ್ನಡದಲ್ಲಿ ಅವಶ್ಯಕತೆ, ಬೇಡಿಕೆ, ಅಪೇಕ್ಷೆ ಎಂಬ ಮೂರು ಪದಗಳು ಬಳಕೆಯಲ್ಲಿವೆ. ಇವು ಪರ್ಯಾಯಗಳಲ್ಲ. ಇಲ್ಲದಿದ್ದರೆ ಕೆಲಸ ನಡೆಯದೆಂಬುದು ಅವಶ್ಯಕತೆ. ಬಾಯಿಬಿಟ್ಟು ಕೇಳಿದುದು ಬೇಡಿಕೆ. ಕೇಳಿದರೂ ಕೇಳದಿದ್ದರೂ ಮನಸ್ಸಿನಲ್ಲಿ ನಿರೀಕ್ಷಿಸಿಕೊಂಡಿರುವುದು ಅಪೇಕ್ಷೆ. ಕಟ್ಟಿಸುವವನು ಬೇಡಿಕೆಯನ್ನು ಮಾತ್ರ ಹೇಳುತ್ತಾನೆ. ಅವನ ಅವಶ್ಯಕತೆ ಬೇರೆ ಇರಬಹುದು. ಕೊನೆಯಲ್ಲಿ ಕೆಲಸವನ್ನು ಒಪ್ಪುವುದು ಅಥವಾ ತಳ್ಳುವುದು ಅಪೇಕ್ಷೆಯ ಮೇಲೆ. ಇಂಗ್ಲಿಷಿನ ಒಂದೇ ಪದ ಈ ಮೂರನ್ನೂ ಹೊದ್ದುಕೊಂಡಿರುವುದೇ ಅನೇಕ ಕಲಹಗಳಿಗೆ ಮೂಲವೆಂದರೆ ತಪ್ಪಾಗಲಾರದು. ಈ ಲೇಖನದಲ್ಲಿ ಅಪೇಕ್ಷಾವಾಕ್ಯ ಎಂಬ ಪದವನ್ನು ಬಳಸಿರುವುದು, ಮೂರರಲ್ಲಿ ಅತ್ಯಂತ ದುರ್ಗ್ರಾಹ್ಯವಾದುದು ಅದೇ ಆದುದರಿಂದ.

ಪ್ರಾಚೀನಪಕ್ಷದ ಮೂಲಗ್ರಂಥವೆಂದು ಎಲ್ಲರೂ ಬೆರಳು ತೋರಿಸುವುದು ವಿನ್ಸ್ಟನ್ ರಾಯ್ಸ್ ಎಂಬ ಪಂಡಿತರು 1970ರಲ್ಲಿ ವೆಸ್ಕಾನ್ ಸಮ್ಮೇಳನದಲ್ಲಿ ಮಂಡಿಸಿದ ಒಂದು ಸಣ್ಣ ಪ್ರಬಂಧವನ್ನು. ಅಪೇಕ್ಷೆ, ವಿಶ್ಲೇಷಣೆ, ರಚನಾವಿಧಾನ, ಬರವಣಿಗೆ, ಪರೀಕ್ಷೆ ಮುಂತಾದ ಮೆಟ್ಟಿಲುಗಳು ಒಂದರ ಕೆಳಗೊಂದು ಇಳಿದುಬರುವ ಚಿತ್ರ ಅದರಲ್ಲಿದೆ. ಆ ಚಿತ್ರವೇ ಮುಂದೆ ವಾಟರ್‌ಫಾಲ್, ಎಂದರೆ ಜಲಪಾತಕ್ರಮ, ಎಂದು ಪ್ರಸಿದ್ಧವಾಯಿತು. ಆದರೆ ಪ್ರಬಂಧವನ್ನು ಆದ್ಯಂತವಾಗಿ ಓದಿದವರಿಗೆ ಎರಡು ಸಂಗತಿಗಳು ಎದ್ದುಕಾಣುವುವು. ಜಲಪಾತವೆಂಬ ಶಬ್ದವೇ ಅದರಲ್ಲಿಲ್ಲ. ಅದು ಬೆಲ್ ಮತ್ತು ಥೇಯರ್ ಎಂಬಿಬ್ಬರು 1976ರಲ್ಲಿ ಅಪೇಕ್ಷಾವಾಕ್ಯಗಳ ದೋಷಗಳನ್ನು ಕುರಿತು ಬರೆದ ಲೇಖನದಲ್ಲಿ ಕಾಣುತ್ತದೆ. ಎರಡನೆಯದಾಗಿ, ಆ ಚಿತ್ರವನ್ನು ತೋರಿಸಿದೊಡನೆಯೇ ರಾಯ್ಸರು, ಇದನ್ನು ಹೀಗೆಯೇ ಆಚರಿಸುವುದು ಅಪಾಯಕರ, ಸೋಲನ್ನು ಕರೆದಂತೆ, ಎಂಬರ್ಥದ ಮಾತನ್ನಾಡಿ, ಅಲ್ಲಿಂದ ಮುಂದೆ ಅದಕ್ಕೆ ಐದು ಪರಿಹಾರಗಳನ್ನು ಸೂಚಿಸುತ್ತ ಹೋಗುವರು. ಕೆಲಸವನ್ನು ಎರಡು ಸಾರಿ ಮಾಡಬೇಕೆಂಬುದೂ, ಕಟ್ಟಿಸುವವರನ್ನು ನಡುನಡುವೆ ಒಳಗೆ ಕರೆದುಕೊಳ್ಳಬೇಕೆಂಬುದೂ ಆ ಐದರಲ್ಲಿ ಸೇರಿವೆ.

ಇದರ ಅರ್ಥವೇನು? ಪೂರ್ವಪಕ್ಷವನ್ನು ಸಿದ್ಧಾಂತವೆಂದು ಓದಿದರು. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಬಲವಾಗಿ ನಿಲ್ಲಿಸಿದ ಮೇಲೆಯೇ ಅದನ್ನು ಖಂಡಿಸುವುದು ಪದ್ಧತಿ. ಅಧಿಕರಣದ ನಡುವೆಯೇ ಪುಸ್ತಕವನ್ನು ಮುಚ್ಚಿದ ವಿದ್ಯಾರ್ಥಿಗೆ ಜೈಮಿನಿಯೂ ವಿಪರೀತವಾಗಿ ಕಂಡಾನು. ಉಪಕ್ರಮ, ಉಪಸಂಹಾರ, ಅಭ್ಯಾಸ ಮುಂತಾದ ಆರು ಲಿಂಗಗಳಿಂದ ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಬೇಕೆಂಬ ನಿಯಮವನ್ನು ಹಿಡಿದಿದ್ದರೆ ಈ ಪ್ರಮಾದ ಒದಗುತ್ತಿರಲಿಲ್ಲ. ಚಿತ್ರಕ್ಕಿರುವ ಬಲ ಮಾತಿಗಿಲ್ಲವೆಂಬುದಕ್ಕೆ ಇದೊಂದು ದೃಷ್ಟಾಂತ. ಆದರೆ ಇತ್ತೀಚೆಗೆ ನವೀನಪಕ್ಷದವರು ರಾಯ್ಸರನ್ನು ತಮ್ಮ ಪೂರ್ವಾಚಾರ್ಯರನ್ನಾಗಿ ಮಾಡಿಕೊಳ್ಳಲು ಹವಣಿಸುವುದೂ ಸಾಧುವಲ್ಲ. ಐವತ್ತು ಲಕ್ಷ ಡಾಲರಿನ ಯಂತ್ರವನ್ನು ಕೊಳ್ಳುವುದಕ್ಕೆ 30 ಪುಟಗಳ ವಿವರಣೆ ಸಾಕು, ಅಷ್ಟೇ ಬೆಲೆಯ ತಂತ್ರಾಂಶಕ್ಕೆ 1500 ಪುಟ ಬೇಕು ಎಂದು ಲೆಕ್ಕ ಹೇಳಿದವರೂ ಅವರೇ. ಬರಹದಲ್ಲಿ ಅವರಿಗಿದ್ದ ಶ್ರದ್ಧೆ ಅಚಲವಾದುದು.

ಅಮೆರಿಕದ ರಕ್ಷಣಾಶಾಖೆಯು 1985ರಲ್ಲಿ ಹೊರಡಿಸಿದ 2167 ಸಂಖ್ಯೆಯ ನಿಯಮಾವಳಿಯು ಈ ಮೆಟ್ಟಿಲುಕ್ರಮಕ್ಕೆ ರಾಜಮುದ್ರೆಯನ್ನೊತ್ತಿತು. ವಾಕ್ಯರಚನೆಗೆ ಲಕ್ಷಣವನ್ನು ಹೇಳಿದ ಗ್ರಂಥವೆಂದರೆ ಐಇಇಇ ಸಂಸ್ಥೆಯ 830ನೆಯ ನಿಯಮಾವಳಿ. ಅದರ 1998ರ ಪಾಠದಲ್ಲಿ ಅಪೇಕ್ಷಾಪತ್ರಕ್ಕೆ ಎಂಟು ಗುಣಗಳನ್ನು ವಿಧಿಸಿದೆ: ಅದು ಸರಿಯಾಗಿರಬೇಕು, ಸಂದಿಗ್ಧವಾಗಿರಬಾರದು, ಪೂರ್ಣವಾಗಿರಬೇಕು, ಪರಸ್ಪರವಿರುದ್ಧವಾಗಿರಬಾರದು, ಮುಖ್ಯಾಮುಖ್ಯಗಳನ್ನು ತೋರಿಸಬೇಕು, ಪರೀಕ್ಷೆಗೆ ಒಳಗಾಗಬೇಕು, ತಿದ್ದಲು ಬರಬೇಕು, ಮೂಲವನ್ನು ಹುಡುಕಲು ಬರಬೇಕು. ಲಕ್ಷಣಗ್ರಂಥವಾಗಿ ಇದು ಶ್ಲಾಘ್ಯವೇ. ಒಂದು ವಾಕ್ಯದಲ್ಲಿ ಒಂದೇ ವಿಧಿಯಿರಬೇಕೆಂದು ಈ ಪಕ್ಷದ ಉಪಾಧ್ಯಾಯರು ಶಿಷ್ಯರಿಗೆ ಬೋಧಿಸುವುದು ವಾಕ್ಯಭೇದದೋಷವೆಂದು ಮೀಮಾಂಸಕರು ಹೇಳಿದುದನ್ನೇ. ಅಥವಾ ಎಂಬ ಶಬ್ದವನ್ನು ಕಂಡರೆ ಇವರು ಹೌಹಾರುವುದಕ್ಕೂ ಕಾರಣವಿದೆ. ಎಂಟು ದೋಷಗಳುಳ್ಳದ್ದು ವಿಕಲ್ಪ, ಗತ್ಯಂತರವಿಲ್ಲದಲ್ಲದೆ ಅದನ್ನು ಒಪ್ಪಬಾರದೆಂದು ಶಾಸ್ತ್ರವೂ ಹೇಳುತ್ತದೆ. ಸ್ಕಾಟ್ ಬ್ರಾಡ್ನರ್ ಅವರು 1997ರಲ್ಲಿ ಇಂಟರ್ನೆಟ್ಟಿನ ನಿಯಮಪತ್ರಗಳಿಗಾಗಿ ಬರೆದ ಆರ್‌ಎಫ್‌ಸಿ 2119 ಎಂಬ ಎರಡು ಮೂರು ಪುಟಗಳ ಲೇಖ್ಯವಂತೂ ಲಿಙ್ ಪ್ರತ್ಯಯದ ಅರ್ಥವಿಚಾರವೇ ಸರಿ. ಮಾಡಲೇಬೇಕು, ಮಾಡುವುದು ಒಳಿತು, ಮಾಡಬಹುದು ಎಂಬ ಮೂರು ಬಗೆಯ ವಿಧಿಗಳಿಗೆ ಅಲ್ಲಿ ಕೊಟ್ಟಿರುವ ಅರ್ಥವ್ಯವಸ್ಥೆ ಅಡಕವಾದುದು, ನಿಷ್ಕೃಷ್ಟವಾದುದು.

ಹಾಗಾದರೆ ಪ್ರಾಚೀನಪಕ್ಷ ಎಡವಿದುದು ಎಲ್ಲಿ? ಎಂಟು ಗುಣಗಳಲ್ಲಿ ಪೂರ್ಣತೆ ಎಂಬ ಮೂರನೆಯದರಲ್ಲಿ. ಮೀಮಾಂಸಕನಿಗೆ ವೇದವು ಅಪೌರುಷೇಯ. ಅದಕ್ಕೆ ಕರ್ತನಿಲ್ಲ, ಕೇಳೋಣವೆಂದರೆ ಹೇಳುವವನಿಲ್ಲ. ತಾತ್ಪರ್ಯವೆಲ್ಲ ಶಬ್ದದಲ್ಲಿಯೇ ಇರಬೇಕು. ಆದುದರಿಂದಲೇ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳನ್ನೂ, ವಿರೋಧ ಬಂದಾಗ ಮೊದಲಿನದು ಮುಂದಿನದಕ್ಕಿಂತ ಪ್ರಬಲವೆಂಬ ಬಲಾಬಲವನ್ನೂ ಅವನು ಕಟ್ಟಬೇಕಾಯಿತು. ಅಪೇಕ್ಷಾಪತ್ರವನ್ನು ಬರೆಯುವವರು ಅದನ್ನು ಅಪೌರುಷೇಯದಂತೆ ಸಹಿಮಾಡಿ ಮುದ್ರೆಯೊತ್ತಿ ಕಟ್ಟುವವರ ಕೈಗೆ ಕೊಟ್ಟರು. ಆದರೆ ಬಲಾಬಲಶಾಸ್ತ್ರವನ್ನು ಕೊಡಲಿಲ್ಲ. ನೂರನೆಯ ಪುಟದ ವಿಧಿಗೂ ಏಳುನೂರನೆಯ ಪುಟದ ವಿಧಿಗೂ ವಿರೋಧ ಬಂದರೆ ಯಾವುದನ್ನು ಹಿಡಿಯಬೇಕೆಂಬುದಕ್ಕೆ ಎಂಟು ಗುಣಗಳ ಪಟ್ಟಿಯಲ್ಲಿ ಉತ್ತರವಿಲ್ಲ. ವಿರೋಧವಿರಬಾರದೆಂಬ ಆಜ್ಞೆ ಮಾತ್ರ ಉಂಟು.

ನವೀನಪಕ್ಷದ ಮೂಲವಾಕ್ಯಗಳು 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ಸ್ನೋಬರ್ಡ್ ಎಂಬಲ್ಲಿ ಸೇರಿದ 17 ಮಂದಿಯಿಂದ ಹುಟ್ಟಿದವು. ನಾಲ್ಕು ಜೋಡಿಗಳನ್ನಿಟ್ಟು, ಎಡಗಡೆಯದನ್ನು ಬಲಗಡೆಯದಕ್ಕಿಂತ ಹೆಚ್ಚೆಂದು ಎಣಿಸುವುದು ಅವರ ಘೋಷಣೆಯ ಸ್ವರೂಪ. ನಡೆಯುವ ತಂತ್ರಾಂಶ ಎಡದಲ್ಲಿ, ವಿಸ್ತಾರವಾದ ಲೇಖ್ಯ ಬಲದಲ್ಲಿ, ಕಟ್ಟಿಸುವವರೊಡನೆ ಸಹಕಾರ ಎಡದಲ್ಲಿ, ಕರಾರಿನ ವಾದ ಬಲದಲ್ಲಿ, ಹೀಗೆ. ಬಲಗಡೆಯವುಗಳಿಗೂ ಬೆಲೆಯುಂಟೆಂದು ಕೊನೆಯಲ್ಲಿ ಸ್ಪಷ್ಟವಾಗಿಯೇ ಹೇಳಿದ್ದಾರೆ. ಆದರೂ ಲೇಖ್ಯವೇ ಬೇಡವೆಂದು ಅಜೈಲ್ ಹೇಳುತ್ತದೆಂಬ ನಂಬಿಕೆ ಅನೇಕ ಕಾರ್ಯಾಲಯಗಳಲ್ಲಿ ಹರಡಿತು. ನಿಂದೆಯ ಪ್ರಯೋಜನ ನಿಂದಿತವನ್ನು ತ್ಯಜಿಸುವುದಲ್ಲ, ವಿಧಿಸಿದುದನ್ನು ಸ್ತುತಿಸುವುದು, ಎಂಬ ಮೀಮಾಂಸಾನ್ಯಾಯ ಇಲ್ಲಿ ಅಕ್ಷರಶಃ ಒಪ್ಪುತ್ತದೆ. ಅರ್ಥವಾದವನ್ನು ನಿಷೇಧವೆಂದು ಓದಿದರು. ಮೊದಲ ಪಕ್ಷದವರು ತಮ್ಮ ಮೂಲವನ್ನು ತಪ್ಪಾಗಿ ಓದಿದಂತೆ ಎರಡನೆಯ ಪಕ್ಷದವರೂ ತಮ್ಮದನ್ನು ಓದಿದರೆಂಬುದು ಸೋಜಿಗವಾದರೂ ನಿಜ. ಎರಡು ಸಂಪ್ರದಾಯಗಳ ಕಲಹವೆಂದು ಪ್ರಸಿದ್ಧವಾಗಿರುವುದರಲ್ಲಿ ಬಹುಭಾಗ ಎರಡು ಅಪಪಾಠಗಳ ಕಲಹ.

ನವೀನಪಕ್ಷದ ಅಪೇಕ್ಷಾವಾಕ್ಯಕ್ಕೆ ಯೂಸರ್ ಸ್ಟೋರಿ ಎಂದು ಹೆಸರು; ಬಳಸುವವನ ಕಥೆ ಎಂದರ್ಥ. ಕೆಂಟ್ ಬೆಕ್ ಅವರ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಪದ್ಧತಿಯಲ್ಲಿ ಇದು ಬೆಳೆಯಿತು; ಈಗ ರೂಢಿಯಲ್ಲಿರುವ ಮೂರು ಅಂಗಗಳ ಅಚ್ಚು ಲಂಡನ್ನಿನ ಕನೆಕ್ಸ್‌ಟ್ರಾ ಎಂಬ ಸಂಸ್ಥೆಯಲ್ಲಿ ಹುಟ್ಟಿ, ಮೈಕ್ ಕೋನ್ ಅವರ 2004ರ ಗ್ರಂಥದಿಂದ ಎಲ್ಲೆಡೆ ಹರಡಿತು. ಇಂಥವನಾದ ನನಗೆ, ಇಂಥದು ಬೇಕು, ಇಂಥ ಫಲಕ್ಕಾಗಿ, ಎಂಬುದೇ ಆ ಅಚ್ಚು. ಸ್ವರ್ಗಕಾಮನಿಗೆ ಯಾಗವನ್ನು ವಿಧಿಸುವ ವಾಕ್ಯವನ್ನು ಬಲ್ಲವರಿಗೆ ಇದರ ಅವಯವಗಳು ಅಪರಿಚಿತವಲ್ಲ. ಇಂಥವನು ಎಂಬುದು ಅಧಿಕಾರಿ, ಫಲವು ಸಾಧ್ಯ, ಬೇಕಾದ ಸೌಕರ್ಯವು ಸಾಧನ. ಭಾವನೆಗೆ ಸಾಧ್ಯ, ಸಾಧನ, ಇತಿಕರ್ತವ್ಯತೆ ಎಂಬ ಮೂರು ಅಂಶಗಳಿರಬೇಕಷ್ಟೆ. ಏನನ್ನು, ಯಾವುದರಿಂದ, ಹೇಗೆ, ಎಂಬ ಮೂರು ಆಕಾಂಕ್ಷೆಗಳಲ್ಲಿ ಮೊದಲನೆರಡನ್ನು ಈ ವಾಕ್ಯ ತಣಿಸುತ್ತದೆ. ಹೇಗೆ ಎಂಬುದನ್ನು ಬೇಕೆಂದೇ ಬಿಟ್ಟಿದೆ. ಇದು ನ್ಯೂನತೆಯಲ್ಲ, ಈ ಪದ್ಧತಿಯ ಜೀವಾಳ. ರಾನ್ ಜೆಫ್ರೀಸ್ ಅವರು 2001ರಲ್ಲಿ ಕಾರ್ಡು, ಸಂಭಾಷಣೆ, ದೃಢೀಕರಣ ಎಂಬ ಮೂರು ಅಂಗಗಳನ್ನು ಹೇಳಿದಾಗ, ಕಾರ್ಡಿನ ಮೇಲೆ ಬರೆದಿರುವುದು ಅಪೇಕ್ಷೆಯ ಗುರುತು ಮಾತ್ರ, ಅಪೇಕ್ಷೆಯ ಪೂರ್ತಿ ರೂಪವಲ್ಲ, ಎಂಬುದೇ ಅವರ ಅಭಿಪ್ರಾಯವಾಗಿತ್ತು. ಪ್ರಯಾಜಾದಿ ಅಂಗಗಳು ಪ್ರಕರಣದಿಂದ ದರ್ಶಪೂರ್ಣಮಾಸಕ್ಕೆ ಒದಗುವಂತೆ, ಇಲ್ಲಿ ಇತಿಕರ್ತವ್ಯತೆಯು ಸಂಭಾಷಣೆಯಿಂದ ಒದಗಬೇಕು.

ಫಲಭಾಗವನ್ನು ಬಿಟ್ಟರೂ ನಡೆದೀತೆಂದು ಕೆಲವರು ಬೋಧಿಸಿದುದು ಮಾತ್ರ ಸರಿಯಾಗಿ ಕಾಣದು. ವಿಶ್ವಜಿದ್ಯಾಗಕ್ಕೆ ಫಲವನ್ನು ಹೇಳಿಲ್ಲದ ಕಾರಣ ಸ್ವರ್ಗವನ್ನು ಕಲ್ಪಿಸಿಕೊಳ್ಳಬೇಕೆಂದು ಮೀಮಾಂಸಕರು ನಿರ್ಣಯಿಸಿದರು. ಸ್ವರ್ಗವು ಎಲ್ಲರಿಗೂ ಇಷ್ಟವಾದುದರಿಂದ ಆ ಕಲ್ಪನೆ ನಿಲ್ಲುತ್ತದೆ. ವ್ಯವಹಾರದಲ್ಲಿ ಅಂಥ ಸರ್ವೇಷ್ಟಫಲವೆಲ್ಲಿದೆ? ವರ್ತಕನಿಗೆ ಲಾಭವೇ ಸ್ವರ್ಗವೆಂದು ಪರಿಹಾಸಕ್ಕೆ ಹೇಳಬಹುದು. ಆದರೆ ಲೆಕ್ಕದವನಿಗೂ, ಉಗ್ರಾಣದವನಿಗೂ, ಗಿರಾಕಿಗೂ ಒಂದೇ ಸೌಕರ್ಯದಿಂದ ಬೇರೆ ಬೇರೆ ಫಲಗಳು ಬೇಕಾಗಿರುವುವು. ಫಲವನ್ನು ಬರೆಯದಿದ್ದರೆ ಕಟ್ಟುವವನು ತನಗೆ ತೋಚಿದ ಫಲವನ್ನು ಕಲ್ಪಿಸಿಕೊಳ್ಳುತ್ತಾನೆ. ಕೆಲಸ ಕೆಡುವುದು ಅಲ್ಲಿಂದಲೇ.

ಇವೆರಡು ಪಕ್ಷಗಳನ್ನೂ ಒಂದೇ ಸ್ಥಳದಲ್ಲಿ ಪರೀಕ್ಷಿಸಲು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐಯ ಚರಿತ್ರೆ ಒಂದು ಅವಕಾಶವನ್ನು ಒದಗಿಸಿದೆ. ಕಾಗದದ ಕಡತಗಳನ್ನು ಗಣಕಕ್ಕೆ ಏರಿಸುವ ವರ್ಚುಯಲ್ ಕೇಸ್ ಫೈಲ್ ಎಂಬ ಕಾರ್ಯವನ್ನು 2001ರಲ್ಲಿ ಸಾಯಿಕ್ ಎಂಬ ಸಂಸ್ಥೆಗೆ ವಹಿಸಲಾಯಿತು. ಅದೇ ವರ್ಷದ ಸೆಪ್ಟೆಂಬರಿನ ದಾಳಿಗಳ ತರುವಾಯ ಸಂಸ್ಥೆಯ ಅವಶ್ಯಕತೆಯೇ ಬೇರೆಯಾಯಿತು. ಎಂಟುನೂರಕ್ಕೂ ಹೆಚ್ಚು ಪುಟಗಳ ಅಪೇಕ್ಷಾಪತ್ರ ಸಿದ್ಧವಾಯಿತು. ಏನು ಬೇಕೆಂಬುದನ್ನು ದಾಟಿ ಹೇಗೆ ಮಾಡಬೇಕೆಂಬುದನ್ನೂ ಅದು ಹೇಳಹೊರಟಿತ್ತು. ಎಂದರೆ, ಸ್ಟೋರಿಯಲ್ಲಿ ಬೇಕೆಂದೇ ಬಿಟ್ಟ ಇತಿಕರ್ತವ್ಯತೆಯನ್ನು ಇಲ್ಲಿ ವಿಧಿವಾಕ್ಯದ ಹೊಟ್ಟೆಗೇ ತುರುಕಿದ್ದರು. 2003ರ ಡಿಸೆಂಬರಿನಲ್ಲಿ ಕೆಲಸವನ್ನು ಒಪ್ಪಿಸಿದಾಗ ಎಫ್‌ಬಿಐಯವರು 17 ನ್ಯೂನತೆಗಳನ್ನೆತ್ತಿದರು. ಇವು ನ್ಯೂನತೆಗಳೋ, ಹೊಸ ಬೇಡಿಕೆಗಳೋ ಎಂಬ ವಿವಾದ ಮಧ್ಯಸ್ಥರ ಮುಂದೆ ಹೋಯಿತು. ಆ ಹದಿನೇಳು ಒಡೆದು 59 ವಿಷಯಗಳಾದವು. 2004ರ ಮಾರ್ಚಿಯಲ್ಲಿ ಬಂದ ತೀರ್ಪಿನಲ್ಲಿ, ಅವುಗಳಲ್ಲಿ 19 ಕಟ್ಟಿಸಿದವರೇ ಅಪೇಕ್ಷೆಯನ್ನು ಬದಲಿಸಿದುದೆಂದೂ, ಉಳಿದ 40 ಕಟ್ಟಿದವರ ತಪ್ಪೆಂದೂ ನಿರ್ಣಯವಾಯಿತು.

ಈ ತೀರ್ಪನ್ನು ಸಾಹಿತ್ಯದ ಅಧ್ಯಾಪಕರು ನಿಧಾನವಾಗಿ ಓದತಕ್ಕದ್ದಿದೆ. ಎಂಟುನೂರು ಪುಟಗಳನ್ನು ಬರೆದ ಮೇಲೂ, ಬರೆದವರು ಬದುಕಿರುವಾಗಲೇ, ಅವರ ಎದುರಿನಲ್ಲಿಯೇ, ಐವತ್ತೊಂಬತ್ತು ವಿಷಯಗಳಲ್ಲಿ ವಾಕ್ಯದ ಅರ್ಥವೇನೆಂಬುದು ಮೂರನೆಯವನೊಬ್ಬನು ಬಂದು ಹೇಳಬೇಕಾದ ಮಾತಾಯಿತು. ಬರಹದ ಗಾತ್ರದಿಂದ ಅರ್ಥದ ಸ್ಥೈರ್ಯ ಬರುವುದಿಲ್ಲ. ಪುಟ ಹೆಚ್ಚಿದಷ್ಟೂ ವಾಕ್ಯಗಳ ಪರಸ್ಪರಾನ್ವಯ ಹೆಚ್ಚುತ್ತದೆ. ಅನ್ವಯ ಹೆಚ್ಚಿದಷ್ಟೂ ವ್ಯಾಖ್ಯಾನ ಬೇಕಾಗುತ್ತದೆ. ವ್ಯಾಖ್ಯಾತನನ್ನು ಮಾತ್ರ ಕರಾರಿನಲ್ಲಿ ನೇಮಿಸಿರಲಿಲ್ಲ. ಸುಮಾರು ಏಳು ಲಕ್ಷ ಸಾಲುಗಳ ಬರವಣಿಗೆಯನ್ನೂ, ಸುಮಾರು 17 ಕೋಟಿ ಡಾಲರುಗಳ ವೆಚ್ಚವನ್ನೂ ಹಿಂದೆ ಬಿಟ್ಟು 2005ರಲ್ಲಿ ಆ ಕಾರ್ಯವನ್ನು ಕೈಬಿಟ್ಟರು.

ಅದರ ಸ್ಥಾನದಲ್ಲಿ ಸೆಂಟಿನೆಲ್ ಎಂಬ ಕಾರ್ಯವನ್ನು 2006ರಲ್ಲಿ ಲಾಕ್‌ಹೀಡ್ ಮಾರ್ಟಿನ್ ಸಂಸ್ಥೆಗೆ ನಾಲ್ಕು ಘಟ್ಟಗಳಾಗಿ ವಹಿಸಿದರು. ಅದೂ ಕುಂಟತೊಡಗಿ, 2010ರಲ್ಲಿ ಎಫ್‌ಬಿಐಯವರೇ ಅದನ್ನು ಕೈಗೆತ್ತಿಕೊಂಡು ಅಜೈಲ್ ಕ್ರಮದಲ್ಲಿ ಎರಡೆರಡು ವಾರಗಳ ಕಂತುಗಳಾಗಿ ನಡೆಸಿ, 2012ರ ಜುಲೈಯಲ್ಲಿ ಬಳಕೆಗೆ ತಂದರು. ನವೀನಪಕ್ಷದವರು ಇದನ್ನು ತಮ್ಮ ಜಯಸ್ತಂಭವೆಂದು ಕೊಂಡಾಡುವುದುಂಟು. ಜಯವೆಂಬುದು ಸುಳ್ಳಲ್ಲ. ಆದರೆ ಆ ಸ್ಟೋರಿಗಳು ಬರಿಯ ಸಂಭಾಷಣೆಯಿಂದ ಹುಟ್ಟಿದವಲ್ಲ. ಮೊದಲೇ ಬರೆದು ಒಪ್ಪಿಗೆಯಾಗಿದ್ದ ಅಪೇಕ್ಷಾಪತ್ರದಿಂದ ಅವುಗಳನ್ನು ತೆಗೆದು, ಆ ಪತ್ರದ ವಿಧಿಗಳಿಗೆ ಜೋಡಿಸಿಟ್ಟಿದ್ದರು. ಮೊದಲು ಹಾಕಿಕೊಂಡಿದ್ದ 2011ರ ಗಡುವೂ ಮೀರಿತು. ಗದ್ದೆಯನ್ನು ಉತ್ತವರು ಒಬ್ಬರು, ಬೆಳೆಯನ್ನು ಕೊಯ್ದವರು ಇನ್ನೊಬ್ಬರು ಎಂದರೆ ಪ್ರಾಚೀನರಿಗೆ ಹೆಚ್ಚು ಒಲಿದಂತಾಗಬಹುದು. ಕಂತುಕಂತಾಗಿ ತೋರಿಸಿ ಒಪ್ಪಿಸಿದುದರಿಂದ ಐವತ್ತೊಂಬತ್ತು ವಿವಾದಗಳು ಒಂದೇ ದಿನ ತಲೆಯೆತ್ತುವುದಕ್ಕೆ ಎಡೆಯಿಲ್ಲವಾಯಿತೆಂಬಷ್ಟನ್ನು ನವೀನರಿಗೆ ಕೊಡಲೇಬೇಕು.

ನವೀನಪಕ್ಷವನ್ನು ನೈಯಾಯಿಕಮತಕ್ಕೆ ಹೋಲಿಸಬಹುದು. ನೈಯಾಯಿಕನಿಗೆ ತಾತ್ಪರ್ಯವೆಂದರೆ ವಕ್ತೃವಿನ ಇಚ್ಛೆ. ಅದನ್ನರಿಯಲು ವಕ್ತೃವನ್ನೇ ಕೇಳಬೇಕು. ಆದರೆ ನೈಯಾಯಿಕನು ಅಲ್ಲಿಗೇ ನಿಲ್ಲದೆ, ಶಬ್ದವು ಪ್ರಮಾಣವಾಗಬೇಕಾದರೆ ವಕ್ತೃವು ಆಪ್ತನಾಗಿರಬೇಕೆಂದೂ, ವಸ್ತುಸ್ಥಿತಿಯನ್ನು ಬಲ್ಲವನಾಗಿ ಇದ್ದುದನ್ನು ಇದ್ದಂತೆ ಹೇಳುವವನೇ ಆಪ್ತನೆಂದೂ ಲಕ್ಷಣವನ್ನು ಹೇಳಿದನು. ಸ್ಕ್ರಮ್ ಎಂಬ ಅಜೈಲ್ ಪದ್ಧತಿಯಲ್ಲಿ ಅಪೇಕ್ಷೆಯನ್ನು ಹೇಳುವ ಅಧಿಕಾರ ಪ್ರಾಡಕ್ಟ್ ಓನರ್ ಎಂಬೊಬ್ಬನಿಗೆ. ಅವನು ನೂರಾರು ಮಂದಿಯ ಪರವಾಗಿ ಮಾತನಾಡುವವನು. ಅವರ ಕೆಲಸವನ್ನು ಸ್ವತಃ ಮಾಡಿದವನಾಗಿರಬೇಕೆಂಬ ನಿಯಮವಿಲ್ಲ. ಆಪ್ತತ್ವವನ್ನು ಪರೀಕ್ಷಿಸುವ ಬಗೆ ಸ್ಕ್ರಮ್ ಗೈಡಿನಲ್ಲಿ ಇಲ್ಲ. ಬಿಸಿನೆಸ್ ಅನಲಿಸ್ಟನ ಹೆಸರೂ ಅದರಲ್ಲಿಲ್ಲ. ಮಾತನಾಡಲು ಮೂಲವಕ್ತೃವೇ ಬಂದ ಮೇಲೆ ದುಭಾಷಿಯೇಕೆಂಬುದು ಅವರ ಎಣಿಕೆಯಿದ್ದೀತು. ಆದರೆ ಪದಚ್ಛೇದ, ಪದಾರ್ಥೋಕ್ತಿ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪಸಮಾಧಾನ ಎಂಬ ವ್ಯಾಖ್ಯಾನದ ಐದು ಅಂಗಗಳಲ್ಲಿ ಅನಲಿಸ್ಟನ ನಿಜವಾದ ಉದ್ಯೋಗ ಕೊನೆಯದು. ಹೇಳುವವನಿಗೇ ತೋರದಿದ್ದ ಆಕ್ಷೇಪವನ್ನೆತ್ತಿ ಅವನಿಂದಲೇ ಸಮಾಧಾನವನ್ನು ಹೇಳಿಸುವವನು ಬರಿಯ ದುಭಾಷಿಯಲ್ಲ. 2003ರಲ್ಲಿ ಕೆನಡಾದಲ್ಲಿ ಸ್ಥಾಪಿತವಾದ ಐಐಬಿಎ ಎಂಬ ಅನಲಿಸ್ಟರ ಪರಿಷತ್ತು ತನ್ನ ಬಾಬಾಕ್ ಎಂಬ ಸಂಗ್ರಹಗ್ರಂಥದ 2015ರ ಮೂರನೆಯ ಆವೃತ್ತಿಯಲ್ಲಿ ಅಪೇಕ್ಷೆಗಳನ್ನು ಸಂಸ್ಥೆಯವು, ಸಂಬಂಧಪಟ್ಟವರವು, ಪರಿಹಾರದವು, ಪರಿವರ್ತನಕಾಲದವು ಎಂದು ವಿಂಗಡಿಸಿದೆ. ಈ ವಿಭಾಗವೇ ಒಬ್ಬ ವಕ್ತೃವಿನ ಇಚ್ಛೆಯಿಂದ ಎಲ್ಲವೂ ತಿಳಿಯದೆಂಬುದನ್ನು ಸೂಚಿಸುತ್ತದೆ.

ವಕ್ತೃವು ಎಷ್ಟು ದಿನ ಎದುರಿಗಿರುತ್ತಾನೆಂಬುದು ಇನ್ನೊಂದು ಸಂಶಯ. ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗಿನ ಜನ್ಮಸ್ಥಾನವಾದ ಕ್ರೈಸ್ಲರ್ ಸಂಸ್ಥೆಯ ಸಂಬಳದ ಲೆಕ್ಕದ ಕಾರ್ಯವು 1997ರಲ್ಲಿ ಸುಮಾರು ಹತ್ತು ಸಾವಿರ ನೌಕರರಿಗೆ ಸಂಬಳವನ್ನು ಎಣಿಸತೊಡಗಿ, 2000ದ ಫೆಬ್ರವರಿಯಲ್ಲಿ ನಿಂತಿತು. ನಿಂತುದಕ್ಕೆ ಕಾರಣಗಳು ಹಲವಿರಬಹುದು. ಆದರೆ ಕಾರ್ಡನ್ನು ಹರಿದ ಮೇಲೆ, ಸಂಭಾಷಣೆ ಗಾಳಿಯಲ್ಲಿ ಹೋದ ಮೇಲೆ, ಹೇಳಿದವನು ಬೇರೆ ಉದ್ಯೋಗಕ್ಕೆ ಹೋದ ಮೇಲೆ, ಉಳಿಯುವುದು ಯಂತ್ರದ ಭಾಷೆಯಲ್ಲಿ ಬರೆದ ಸಾಲುಗಳು ಮಾತ್ರ. ಐದು ವರ್ಷಗಳ ಮೇಲೆ ಅವುಗಳನ್ನು ತಿದ್ದಲು ಕುಳಿತವನಿಗೆ ಅವು ಅಪೌರುಷೇಯವೇ. ಆಗ ನೈಯಾಯಿಕನಾಗಿ ಹೊರಟವನು ಮೀಮಾಂಸಕನಾಗಿ ಕೊನೆಗಾಣುತ್ತಾನೆ. ಕಟ್ಟಿಸುವವರು ಒಂದು ಖಂಡದಲ್ಲಿ, ಕಟ್ಟುವವರು ಇನ್ನೊಂದರಲ್ಲಿ ಇರುವೆಡೆ ಈ ಅವಸ್ಥೆ ಐದು ವರ್ಷ ಕಾಯದೆ ಮೊದಲ ದಿನವೇ ಒದಗುವುದು. ಬೆಂಗಳೂರಿನ ಕಾರ್ಯಾಲಯಗಳಲ್ಲಿ ಪರದೇಶದ ಅಪೇಕ್ಷಾವಾಕ್ಯಗಳನ್ನು ಓದುವ ಕನ್ನಡಿಗರು ಇದನ್ನು ಚೆನ್ನಾಗಿ ಬಲ್ಲರು.

ಈ ಕೊರತೆಯನ್ನು ನೀಗಲು ನವೀನರು ಕಂಡುಕೊಂಡ ಉಪಾಯಗಳಲ್ಲಿ ಶ್ರೇಷ್ಠವಾದುದು ಉದಾಹರಣೆ. ಡ್ಯಾನ್ ನಾರ್ತ್ ಅವರು ಪ್ರಚಾರಕ್ಕೆ ತಂದ ಕ್ರಮದಲ್ಲಿ, ಪ್ರತಿ ಸ್ಟೋರಿಗೂ, ಇಂಥ ಸ್ಥಿತಿಯಿದ್ದು, ಇಂಥದು ನಡೆದರೆ, ಇಂಥದು ಆಗಬೇಕು, ಎಂಬ ಮೂರು ಸಾಲುಗಳ ನಿದರ್ಶನಗಳನ್ನು ಬರೆದು, ಯಂತ್ರವೇ ಅವುಗಳನ್ನು ಪರೀಕ್ಷಿಸುವಂತೆ ಮಾಡುವರು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರವನ್ನು ಹೇಳಿ, ವೃತ್ತಿಯನ್ನು ಬರೆದು, ಅಷ್ಟಕ್ಕೆ ತೃಪ್ತನಾಗದೆ ಪ್ರಯೋಗಗಳನ್ನು ಕೊಡುವುದು ಇದೇ ಕಾರಣದಿಂದ; ಸೂತ್ರದ ಅರ್ಥದಲ್ಲಿ ಸಂದೇಹ ಬಂದರೆ ಪ್ರಯೋಗವು ಅದನ್ನು ಬಿಡಿಸುತ್ತದೆ. ಆದರೆ ಸೂತ್ರಕ್ಕೂ ಪ್ರಯೋಗಕ್ಕೂ ವಿರೋಧ ಕಂಡಾಗ ವೈಯಾಕರಣರು ಪಾಠವನ್ನು ಶೋಧಿಸುವರು, ಸೂತ್ರವನ್ನು ವ್ಯಾಖ್ಯಾನದಿಂದ ಹಿಗ್ಗಿಸುವರು, ಇಲ್ಲವೆ ಪ್ರಯೋಗವನ್ನು ಅಪವಾದವೆನ್ನುವರು. ಸ್ಟೋರಿಗೂ ಅದರ ನಿದರ್ಶನಕ್ಕೂ ವಿರೋಧ ಬಂದಾಗ ಯಾವುದು ಪ್ರಬಲವೆಂಬ ಪ್ರಶ್ನೆಯನ್ನು ಸ್ಕ್ರಮ್ ಗೈಡು ಮುಟ್ಟುವುದಿಲ್ಲ. ಅದರಲ್ಲಿ ಸ್ಟೋರಿ ಎಂಬ ಪದವೇ ಇಲ್ಲ. ನಿದರ್ಶನವನ್ನು ಯಂತ್ರವು ಓದಬಲ್ಲುದು, ಸ್ಟೋರಿಯನ್ನು ಓದಲಾರದು. ಆದುದರಿಂದ ವಿಚಾರವಿಲ್ಲದೆಯೇ ನಿದರ್ಶನ ಗೆಲ್ಲುತ್ತದೆ, ಫಲವನ್ನು ಹೇಳುವ ವಾಕ್ಯ ಸೋಲುತ್ತದೆ.